ಕುಡಿತ, ವಂಶ ಮತ್ತು ನಿಮ್ಮ ಹೊಣೆ

ಇಂದು ಪದವಿ ಪಡೆಯುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳೇ,

ಘಟಿಕೋತ್ಸವದ ವೇದಿಕೆಯಲ್ಲಿ ಕುಡಿತದ ಮಾತೇ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರಬಹುದು. ನಗಲಿ. ನಾಳೆ ನೀವು ಯಾವ ತಾಲ್ಲೂಕು ಆಸ್ಪತ್ರೆಗೆ ಹೋದರೂ ಈ ಕಾಯಿಲೆ ನಿಮಗಿಂತ ಮೊದಲೇ ಅಲ್ಲಿ ಬಂದು ಮಲಗಿರುತ್ತದೆ. ಮೆಡಿಸಿನ್ ವಾರ್ಡಿನಲ್ಲಿ ಹಳದಿ ಕಣ್ಣು, ಉಬ್ಬಿದ ಹೊಟ್ಟೆ. ಸರ್ಜರಿಯಲ್ಲಿ ಪ್ಯಾಂಕ್ರಿಯಾಸ್ ನೋವು. ಕ್ಯಾಷುಯಲ್ಟಿಯಲ್ಲಿ ರಾತ್ರಿ ಹನ್ನೊಂದರ ಬೈಕ್ ಅಪಘಾತ. ಕೇಂದ್ರ ಸರ್ಕಾರದ 2019ರ ಸಮೀಕ್ಷಾ ವರದಿಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 2.9 ಕೋಟಿಯಷ್ಟು ಜನ ಅದಿಲ್ಲದೆ ಇರಲಾರದ ಸ್ಥಿತಿ ತಲುಪಿದವರು.

ಇಂಥ ರೋಗಿಯ ಹೆಂಡತಿ ಒಂದಲ್ಲ ಒಂದು ದಿನ ನಿಮ್ಮನ್ನು ಕೇಳುತ್ತಾಳೆ: “ಇವರಪ್ಪನೂ ಹೀಗೇ, ತಾತನೂ ಹೀಗೇ. ಇದು ರಕ್ತದಲ್ಲೇ ಬಂದಿರೋದಾ ಡಾಕ್ಟ್ರೇ?” ಪಕ್ಕದಲ್ಲಿ ಹತ್ತನೇ ಕ್ಲಾಸಿನ ಹುಡುಗ ಲ್ಯಾಬ್ ರಿಪೋರ್ಟಿನ ಕವರ್ ಹಿಡಿದು ನಿಂತಿರುತ್ತಾನೆ. ಪ್ರಶ್ನೆ ಕೇಳುವವಳು ಹೆಂಡತಿ, ಉತ್ತರಕ್ಕೆ ಕಾಯುವವನು ಮಗ. ನನ್ನ ಇವತ್ತಿನ ಮಾತೆಲ್ಲ ಆ ಉತ್ತರದ ಬಗ್ಗೆ.

ಹೌದು, ವಂಶದ ಪಾತ್ರ ಇದೆ. 1973ರಲ್ಲಿ ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಹುಟ್ಟಿದ ಕೆಲವೇ ವಾರಗಳಲ್ಲಿ ದತ್ತು ಹೋದ ಗಂಡುಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದವರ ಪೈಕಿ ಶೇ. 18ರಷ್ಟು ಮಂದಿ ತಾವೂ ವ್ಯಸನಿಗಳಾಗಿದ್ದರು. ಉಳಿದವರಲ್ಲಿ ಆ ಪ್ರಮಾಣ ಶೇ. 5. ಮೊದಲಿನವರು ಕುಡಿಯುವ ಹೆತ್ತವರ ಜೊತೆ ಬೆಳೆಯದ ಮಕ್ಕಳು. ಆಮೇಲೆ ನಡೆದ ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರೆ ವಂಶದ ಪಾಲು ಸುಮಾರು ಅರ್ಧ ಎಂದು ಬರುತ್ತದೆ. ಈ ‘ಅರ್ಧ’ವನ್ನು ಎಚ್ಚರದಿಂದ ಬಳಸಿ. ಒಬ್ಬ ಮನುಷ್ಯನ ಕುಡಿತದಲ್ಲಿ ಅರ್ಧ ಅವರಪ್ಪನದು, ಅರ್ಧ ಅವನದು ಎಂದು ಆಸ್ತಿ ಪಾಲು ಮಾಡುವ ಲೆಕ್ಕ ಇದಲ್ಲ. ಒಂದು ಜನಸಮುದಾಯದಲ್ಲಿ ಕೆಲವರು ವ್ಯಸನಿಗಳಾಗಿ ಉಳಿದವರು ಆಗದಿರುವ ವ್ಯತ್ಯಾಸದಲ್ಲಿ ಎಷ್ಟು ಭಾಗಕ್ಕೆ ವಂಶವಾಹಿ ಕಾರಣ ಎಂಬ ಲೆಕ್ಕ.

ಹಾಗಾದರೆ ಆ ಜೀನ್ ಯಾವುದು? 1990ರಲ್ಲಿ ಅಮೆರಿಕದ ಬ್ಲಮ್ ಮತ್ತು ನೋಬಲ್ ತಂಡ ಮೃತಪಟ್ಟ 70 ಜನರ ಮಿದುಳಿನ ಮಾದರಿ ಪರೀಕ್ಷಿಸಿ, ಡೋಪಮಿನ್ ಗ್ರಾಹಕದ ಜೀನಿನ ಒಂದು ರೂಪ ವ್ಯಸನಿಗಳಲ್ಲೇ ಹೆಚ್ಚು ಎಂದು ಪ್ರಕಟಿಸಿತು. ಕುಡುಕತನದ ಜೀನ್ ಸಿಕ್ಕಿತು ಎಂದು ಪತ್ರಿಕೆಗಳು ಸಾರಿದವು. ವರ್ಷ ತುಂಬುವ ಮೊದಲೇ ಇನ್ನೊಂದು ತಂಡ ಹುಡುಕಿದಾಗ ಆ ನಂಟು ಸಿಗಲಿಲ್ಲ. 2023ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಜೀನೋಮ್ ಜಾಲಾಡಿದ ಅಧ್ಯಯನಕ್ಕೆ ಕಂಡದ್ದು ಒಂದಲ್ಲ, 110 ತಾಣಗಳು. ಬಹುಪಾಲು ತಾಣಗಳ ಪ್ರಭಾವ ತೀರಾ ಸಣ್ಣದು. ಆದ್ದರಿಂದ ಡಿಎನ್‌ಎ ಪರೀಕ್ಷೆ ಮಾಡಿಸಿ ಮಗನ ಭವಿಷ್ಯ ತಿಳಿಯಬಹುದೇ ಎಂದು ಯಾರಾದರೂ ಕೇಳಿದರೆ, ಆ ದುಡ್ಡು ಉಳಿಸಿಕೊಳ್ಳಿ ಎನ್ನಿ.

ಒಂದೇ ಜೀನ್ ಬಲವಾಗಿ ಕೆಲಸ ಮಾಡುವ ನಿದರ್ಶನವೂ ಇದೆ. ಒಳಗೆ ಹೋದ ಮದ್ಯವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರುಪದ್ರವಿ ಅಸಿಟೇಟ್ ಆಗಿ ಬದಲಿಸುತ್ತದೆ. ಎರಡನೆಯ ಹೆಜ್ಜೆಯ ಕಿಣ್ವವನ್ನು ರೂಪಿಸುವುದು ಎಎಲ್‌ಡಿಎಚ್2 ಜೀನ್. ಜಪಾನ್, ಚೀನಾ, ಕೊರಿಯಾಗಳಲ್ಲಿ ಮೂವರಲ್ಲಿ ಒಬ್ಬರಿಗೆ ಇದರ ದುರ್ಬಲ ರೂಪ ಇದೆ. ಅಂಥವರು ಒಂದು ಗ್ಲಾಸ್ ಬಿಯರ್ ಕುಡಿದರೂ ವಿಷ ಕರಗದೆ ಉಳಿದು ಮುಖ ಕೆಂಪೇರುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿ ಬರುವಂತಾಗುತ್ತದೆ. ನಾವು ಡೈಸಲ್ಫಿರಾಮ್ ಮಾತ್ರೆ ಕೊಟ್ಟು ಮಾಡುವ ಕೆಲಸವನ್ನು ಅವರಿಗೆ ಹುಟ್ಟೇ ಮಾಡಿಕೊಟ್ಟಿದೆ. ನಮ್ಮ ಕಡೆ ಈ ರೂಪ ಬಹಳ ಅಪರೂಪ, ಆ ರಕ್ಷೆ ನಮಗಿಲ್ಲ.

ಆದರೆ ಆ ರಕ್ಷೆಯ ಕಥೆ ಏನಾಯಿತು ನೋಡಿ. ಜಪಾನಿನ ಹಿಗುಚಿ ಮತ್ತು ಸಂಗಡಿಗರು 1994ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಒಂದು ಲೆಕ್ಕ ಕೊಟ್ಟರು. ಅಲ್ಲಿನ ಮದ್ಯವ್ಯಸನಿಗಳಲ್ಲಿ ಈ ದುರ್ಬಲ ಜೀನಿನ ಒಂದು ಪ್ರತಿ ಇದ್ದವರು 1979ರಲ್ಲಿ ಶೇ. 2.5. 1986ರಲ್ಲಿ ಶೇ. 8. 1992ರಲ್ಲಿ ಶೇ. 13. ಹದಿಮೂರು ವರ್ಷಗಳಲ್ಲಿ ಒಂದು ಜನಾಂಗದ ಜೀನುಗಳು ಬದಲಾಗುವುದಿಲ್ಲ. ಬದಲಾದದ್ದು ಸಮಾಜ. ಆಫೀಸು ಮುಗಿದ ಮೇಲೆ ಮೇಲಧಿಕಾರಿ ಸುರಿದುಕೊಟ್ಟ ಗ್ಲಾಸನ್ನು ಬೇಡ ಎನ್ನಲಾಗದ ಕಡೆ ಕೆಂಪೇರಿದ ಮುಖಕ್ಕೂ ಬೆಲೆ ಸಿಗಲಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ವಂಶವಾಹಿ ಮತ್ತು ಪರಿಸರದ ಸಂಬಂಧವನ್ನು ಇಷ್ಟು ನಿಚ್ಚಳವಾಗಿ ಹೇಳುವ ಅಂಕಿಗಳು ಇನ್ನಿಲ್ಲ.

ನಮ್ಮೂರಿನ ಮಾತಿಗೆ ಬರೋಣ. ಮದುವೆ ಮನೆಯ ಹಿಂದೆ, ಹಾಸ್ಟೆಲ್ ರೂಮಿನಲ್ಲಿ ಒಂದು ಹೊಗಳಿಕೆ ಕೇಳಿರುತ್ತೀರಿ: “ಎಷ್ಟು ಕುಡಿದ್ರೂ ಅಲ್ಲಾಡಲ್ಲ ಕಣೋ, ಗಟ್ಟಿ ಪಿಂಡ!” ಅಮೆರಿಕದ ಮಾರ್ಕ್ ಶುಕಿಟ್ ಇಂಥ ಗಟ್ಟಿ ಪಿಂಡಗಳನ್ನೇ ಅಧ್ಯಯನ ಮಾಡಿದರು. ವ್ಯಸನಿಗಳ ಗಂಡುಮಕ್ಕಳಿಗೆ ಅಳತೆ ಮಾಡಿ ಮದ್ಯ ಕೊಟ್ಟು, ಯಾರಿಗೆ ಎಷ್ಟು ಅಮಲೇರಿತು, ನಿಂತಾಗ ಯಾರು ಎಷ್ಟು ಓಲಾಡಿದರು ಎಂದು ಗುರುತು ಹಾಕಿಕೊಂಡರು. ಸುಮಾರು ಹತ್ತು ವರ್ಷದ ನಂತರ ನೋಡಿದರೆ, ಹೆಚ್ಚು ಅಮಲೇರಿದವರಲ್ಲಿ ವ್ಯಸನಿಗಳಾದವರು ಶೇ. 14, ಅಲ್ಲಾಡದೆ ನಿಂತವರಲ್ಲಿ ಶೇ. 56. ಸಾಕು ಎಂದು ದೇಹ ಹೇಳದಿದ್ದರೆ ಮನುಷ್ಯ ಇನ್ನೊಂದು ಪೆಗ್ ಹಾಕುತ್ತಾನೆ. ಗೆಳೆಯರು ಶಹಬ್ಬಾಸ್ ಅನ್ನುವ ಆ ಗುಣ ವೈದ್ಯರ ಕಣ್ಣಿಗೆ ಅಪಾಯದ ಗುರುತು.

ಮಿದುಳಿನಲ್ಲೂ ಗುರುತುಗಳಿವೆ. ನಮ್ಮ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ವ್ಯಸನಿಗಳ ಹತ್ತಿರದ ಗಂಡು ಸಂಬಂಧಿಕರನ್ನು ಕುರಿತದ್ದು. ಅನಿರೀಕ್ಷಿತ ಸದ್ದು, ಬೆಳಕುಗಳಿಗೆ ಮಿದುಳು ತೋರುವ ಪಿ300 ಎಂಬ ವಿದ್ಯುತ್ ಅಲೆ, ವಂಶದ ಅಪಾಯ ಹೆಚ್ಚಿದಷ್ಟೂ ಕುಗ್ಗಿರುವುದು ಕಂಡಿತು. ಆವೇಗವನ್ನು ತಡೆದುಕೊಳ್ಳುವ ಮಿದುಳಿನ ಶಕ್ತಿ ಕೆಲವರಲ್ಲಿ ನಿಧಾನವಾಗಿ ಬಲಿಯುತ್ತದೆ ಎಂಬ ವಿವರಣೆಗೆ ಇದು ಹೊಂದುತ್ತದೆ. ಇಂಥ ಮಗುವನ್ನು ‘ಹಠಮಾರಿ’, ‘ತಂಟೆಕೋರ’ ಎಂದು ಶಾಲೆಯಿಂದ ಹೊರಗೆ ಹಾಕಿದರೆ ಅಪಾಯವನ್ನು ನಾವೇ ಸಾಕಿದಂತೆ.

ಈಗ ಆ ಹುಡುಗನಿಗೆ ಉತ್ತರ. ನೂಲಿನಂತೆ ಸೀರೆ ಎನ್ನುತ್ತಾರೆ. ನೇಯುವ ಕೈಯ ಮಾತೂ ಅಷ್ಟೇ ಮುಖ್ಯ. ಅವನನ್ನು ಕೂರಿಸಿಕೊಂಡು ನೇರವಾಗಿ ಹೇಳಿ: “ನಿನಗೆ ಬೇರೆಯವರಿಗಿಂತ ಅಪಾಯ ಹೆಚ್ಚು. ಆದರೂ ಇಂಥ ಮನೆಯ ಮಕ್ಕಳಲ್ಲಿ ಹೆಚ್ಚಿನವರು ವ್ಯಸನಿಗಳಾಗುವುದಿಲ್ಲ. ಮುಟ್ಟದಿದ್ದರೆ ಜೀನ್ ಏನೂ ಮಾಡಲಾರದು. ಬೇಗ ಶುರು ಮಾಡಿದಷ್ಟೂ ಅಪಾಯ ಹೆಚ್ಚು.” ಹದಿನೈದಕ್ಕೆ ಮೊದಲೇ ಕುಡಿತ ಆರಂಭಿಸಿದವರು ಇಪ್ಪತ್ತು ದಾಟಿ ಆರಂಭಿಸಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ವ್ಯಸನಿಗಳಾದದ್ದು 1997ರ ಅಮೆರಿಕದ ಅಧ್ಯಯನದಲ್ಲಿ ಕಂಡಿದೆ.

ಅಪ್ಪನಿಗೂ ಔಷಧಿ ಇದೆ: ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್, ಜೊತೆಗೆ ಆಪ್ತಸಲಹೆ. ಆದರೂ ನಾನು ಹೇಳಿದ ಅದೇ ಸಮೀಕ್ಷೆಯ ಪ್ರಕಾರ 38 ವ್ಯಸನಿಗಳಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ನಿಮ್ಮ ವಾರ್ಡುಗಳಿಗೆ ಬೇರೆ ಬೇರೆ ಹೆಸರಿನ ಕಾಯಿಲೆ ಹೊತ್ತು ಬರುತ್ತಾರೆ. ಲಿವರ್‌ಗೆ ಮಾತ್ರ ಮದ್ದು ಬರೆದು ಮನೆಗೆ ಕಳಿಸಬೇಡಿ.

ಪದವೀಧರರೇ, ನಿಮ್ಮಲ್ಲೂ ಕೆಲವರು ಅಂಥ ಮನೆಗಳಿಂದ ಬಂದಿರುತ್ತೀರಿ. ನಾಚಿಕೆಪಡಬೇಕಾದ್ದು ಏನೂ ಇಲ್ಲ. ನಿಮ್ಮೆಲ್ಲರಲ್ಲಿ ನನ್ನ ಬೇಡಿಕೆ ಇಷ್ಟೇ: ಕೇಸ್ ಶೀಟಿನಲ್ಲಿ ‘ತಂದೆಗೆ ಮದ್ಯವ್ಯಸನ’ ಎಂದು ಬರೆದಾಗಲೆಲ್ಲ ಮನೆಯಲ್ಲಿ ಮಕ್ಕಳೆಷ್ಟು, ಅವರ ವಯಸ್ಸೆಷ್ಟು ಎಂದು ಕೇಳಿ. ಮುಂದಿನ ಸಲ ಬರುವಾಗ ಅವರನ್ನೂ ಕರೆತರಲು ಹೇಳಿ. ಆ ಕೆಲಸಕ್ಕೆ ಯಂತ್ರ ಬೇಡ, ಅನುದಾನ ಬೇಡ, ಐದು ನಿಮಿಷ ಸಾಕು.