ಸಂತ ಮಾರ್ಕನ ಸಾಕ್ಷಿಗಳು: ವೆನಿಸ್‌ನ ಮೊಸಾಯಿಕ್ ಚಿತ್ರಮಾಲೆಯ ಮರುವಿಚಾರ

ಯಾರ ಸ್ಮರಣೆಯ ದತ್ತಿ ಉಪನ್ಯಾಸಕ್ಕೆ ನಾವು ಸೇರಿದ್ದೇವೆಯೋ ಆ ಹಿರಿಯರು, ಶಿಲ್ಪವಾಗಲಿ ಶಾಸನವಾಗಲಿ ಅದನ್ನು ಅದು ನಿಂತ ಜಾಗದಿಂದ ಬಿಡಿಸಿ ಓದಬಾರದು ಎಂದು ನಂಬಿದ್ದವರು. ನನ್ನ ಇಂದಿನ ವಾದವೂ ಆ ನಂಬಿಕೆಯ ಬೆನ್ನು ಹಿಡಿದೇ ಹೊರಟಿದೆ. ಹಸಿ ಗಾರೆಯ ಮೇಲೆ ಗಾಜು, ಕಲ್ಲುಗಳ ಚೂರುಗಳನ್ನು ಕೂರಿಸುವುದು, ಎರಡು ಪದರ ಗಾಜಿನ ನಡುವೆ ಚಿನ್ನದ ರೇಕು ಇಡುವುದು, ಬೈಜಾಂಟಿಯಂನಿಂದ ಈ ಕಲೆ ಇಟಲಿಗೆ ಹರಿದುಬಂದದ್ದು ಇವೆಲ್ಲ ಕಲಾ ಇತಿಹಾಸದ ಯಾವ ಪುಸ್ತಕದಲ್ಲೂ ಸಿಗುತ್ತವೆ. ಆದ್ದರಿಂದ ನೇರವಾಗಿ ವೆನಿಸ್‌ನ ಸಾನ್ ಮಾರ್ಕೊ ಚರ್ಚಿಗೆ ಬರುತ್ತೇನೆ.

ಸಂಪ್ರದಾಯದ ಪ್ರಕಾರ 828ರಲ್ಲಿ ಬುವೊನೊ ಮತ್ತು ರುಸ್ತಿಕೊ ಎಂಬ ಇಬ್ಬರು ವರ್ತಕರು ಅಲೆಕ್ಸಾಂಡ್ರಿಯದಿಂದ ಸಂತ ಮಾರ್ಕನ ದೇಹವನ್ನು ಕದ್ದು ವೆನಿಸ್‌ಗೆ ತಂದರು. ಅದಕ್ಕಾಗಿ ಕಟ್ಟಿದ ಚರ್ಚು 976ರ ದಂಗೆಯ ಬೆಂಕಿಗೆ ತುತ್ತಾಯಿತು. ಈಗಿನ ಕಟ್ಟಡದ ಕೆಲಸ 1063ರಲ್ಲಿ ಶುರುವಾಯಿತು. ಒಳಗಿನ ಪೂರ್ವಭಾಗದ ಸಂತ ಕ್ಲೆಮೆಂಟ್ ಚಾಪೆಲ್‌ನಲ್ಲಿರುವ 12ನೇ ಶತಮಾನದ ಚಿತ್ರಗಳು ಕಳವಿನ ಕಥೆಯನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತವೆ. ಬುಟ್ಟಿಯಲ್ಲಿ ಸಂತನ ದೇಹ, ಮೇಲೆ ಮುಚ್ಚಿದ ಹಂದಿಮಾಂಸ. ತಪಾಸಣೆಗೆ ಬಂದ ಮುಂಡಾಸಿನ ಸುಂಕದವರು ಅಸಹ್ಯಪಟ್ಟು ಹಿಂದೆ ಸರಿಯುತ್ತಾರೆ. ಹಂದಿ ಎಂದು ಅವರು ಅರಬ್ಬಿಯಲ್ಲಿ ಕೂಗಿದ ಮಾತನ್ನು ಲ್ಯಾಟಿನ್ ಅಕ್ಷರಗಳಲ್ಲಿ ಚಿತ್ರದಲ್ಲೇ ಕೂರಿಸಿದ್ದಾರೆ. ದೇಹ ಇಲ್ಲಿಗೆ ಹೇಗೆ ಬಂತು ಎಂಬುದು ಈ ಚಾಪೆಲ್ ಉತ್ತರಿಸುವ ಪ್ರಶ್ನೆ.

ನೂರು ವರ್ಷ ಕಳೆಯುವುದರೊಳಗೆ ಪ್ರಶ್ನೆಯೇ ಬದಲಾಗಿತ್ತು ಎಂಬುದು ನನ್ನ ವಾದ. ಚರ್ಚು ಸುಟ್ಟು, ಮತ್ತೆ ಕಟ್ಟಿದ ಮೇಲೆ ಆ ದೇಹ ಇನ್ನೂ ಇಲ್ಲಿದೆಯೇ ಎಂಬ ಅನುಮಾನಕ್ಕೆ ಎಡೆಯಿತ್ತು. ಅದಕ್ಕೆ ಉತ್ತರವಾಗಿ ನಿಂತದ್ದು 1094ರ ಪವಾಡದ ಕಥೆ: ಅವಶೇಷದ ಗುರುತು ಮರೆತುಹೋಗಿ, ಊರೆಲ್ಲ ಉಪವಾಸವಿದ್ದು ಪ್ರಾರ್ಥಿಸಿದಾಗ ಕಂಬವೊಂದು ಬಿರಿದು ಸಂತನ ಇರವನ್ನು ತೋರಿತಂತೆ. ಶಿಲುಬೆಯಾಕಾರದ ಈ ಚರ್ಚಿನ ದಕ್ಷಿಣ ತೋಳಿನ ಪಶ್ಚಿಮ ಗೋಡೆಯ ಮೇಲಿನ 13ನೇ ಶತಮಾನದ ಮೊಸಾಯಿಕ್ ಇದನ್ನು ಎರಡು ದೃಶ್ಯಗಳಲ್ಲಿ ಚಿತ್ರಿಸುತ್ತದೆ. ಎಡಗಡೆ ಪ್ರಾರ್ಥನೆ: ಬಲಿಪೀಠದ ಮುಂದೆ ಬಾಗಿದ ಧರ್ಮಾಧ್ಯಕ್ಷ, ವೆನಿಸ್ ರಾಜ್ಯದ ಮುಖ್ಯಸ್ಥನಾದ ಡೋಜ್, ಸಾಲುಸಾಲಾಗಿ ತಲೆತಗ್ಗಿಸಿದ ಜನ. ಬಲಗಡೆ ತೆರೆದ ಕಂಬ, ಅದರತ್ತ ನೆಟ್ಟ ಕಣ್ಣುಗಳು. ಹೆಂಗಸರೂ ಮಕ್ಕಳೂ ಅಲ್ಲಿದ್ದಾರೆ. ಗೋಡೆಯ ಬಹುಪಾಲು ಸಂದಿರುವುದು ಈ ಜನಕ್ಕೆ. ಸಂತನ ಚರಿತ್ರೆ ಇಲ್ಲಿ ಸಾಕ್ಷಿಗಳ ಚರಿತ್ರೆಯಾಗಿದೆ. ಪವಾಡ ನಡೆಯಿತೆಂದು ನಂಬಲಾದ ಕಂಬವೂ ಚರ್ಚಿನ ಇದೇ ದಕ್ಷಿಣ ಬದಿಯಲ್ಲಿದೆ ಎಂಬುದನ್ನು ಮರೆಯಬಾರದು.

ಇದಕ್ಕೆ ಎದುರಾಗಿ ನಿಲ್ಲುವ ದೊಡ್ಡ ವಾದ ಕಲಾ ಇತಿಹಾಸಕಾರ ಒಟ್ಟೊ ಡೆಮುಸ್ ಅವರ ದಾರಿಯದು. 1984ರಲ್ಲಿ ಹೊರಬಂದ ಅವರ ಬೃಹತ್ ಗ್ರಂಥವಿಲ್ಲದೆ ಈ ವಿಷಯದಲ್ಲಿ ಯಾರೂ ಒಂದು ಹೆಜ್ಜೆಯನ್ನೂ ಇಡಲಾರರು. ಅವರ ಕಣ್ಣು ಅಷ್ಟು ಸೂಕ್ಷ್ಮ. ಆದರೆ ಅವರನ್ನು ಹಿಂಬಾಲಿಸಿದ ಅನೇಕರು, 1204ರಲ್ಲಿ ಕಾನ್‌ಸ್ಟಾಂಟಿನೋಪಲ್ಲನ್ನು ಸೂರೆಮಾಡಿದ ರಾಜ್ಯವೊಂದು ಹೊರಲೋಕಕ್ಕೆ ಸಾರಿದ ಘೋಷಣೆ ಎಂದಷ್ಟೇ ಈ ಚಿತ್ರಗಳನ್ನು ಓದುತ್ತಾರೆ. ಡೋಜ್ ಮುಂದೆ ನಿಂತಿರುವುದೇ ಅವರಿಗೆ ಸಾಕು. ಬರೀ ಅಧಿಕಾರದ ಮೆರೆತವೇ ಗುರಿಯಾಗಿದ್ದರೆ ಆ ಡೋಜನನ್ನು ಅಷ್ಟು ಬಾಗಿಸಬೇಕಾಗಿರಲಿಲ್ಲ, ಮಕ್ಕಳನ್ನು ಕರೆಯಬೇಕಾಗಿರಲಿಲ್ಲ. ಕಳೆದುಕೊಂಡಿದ್ದೆವು ಎಂಬ ಒಪ್ಪಿಗೆಯಿಂದಲೇ ಈ ಚಿತ್ರ ಆರಂಭವಾಗುತ್ತದೆ. ಘೋಷಣೆ ಮಾಡುವವನು ಹಾಗೆ ಆರಂಭಿಸುವುದಿಲ್ಲ. ಅನುಮಾನ ನಿವಾರಿಸಬೇಕಾದವನು ಆರಂಭಿಸುತ್ತಾನೆ.

ಒಳಗಿನ ಗೋಡೆಗೆ ಇದು ಸರಿ, ಚೌಕದ ಕಡೆ ಮುಖ ಮಾಡಿದ ಹೊರಗೋಡೆಗೆ ಏನು ಹೇಳುತ್ತೀರಿ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸಂತ ಅಲಿಪಿಯೊ ಬಾಗಿಲ ಮೇಲಿನ, 13ನೇ ಶತಮಾನದ ಮೊಸಾಯಿಕ್ಕಿನಲ್ಲಿ ಸಂತನ ದೇಹವನ್ನು ಚರ್ಚಿನೊಳಕ್ಕೆ ಒಯ್ಯುತ್ತಿದ್ದಾರೆ. ಘಟನೆ 9ನೇ ಶತಮಾನದ್ದು, ಚರ್ಚು ಮಾತ್ರ 13ನೆಯದು: ಕಾನ್‌ಸ್ಟಾಂಟಿನೋಪಲ್ಲಿನಿಂದ ತಂದ ನಾಲ್ಕು ಕಂಚಿನ ಕುದುರೆಗಳು ಕೂಡ ಚಿತ್ರದಲ್ಲಿವೆ. ಇದನ್ನು ಕಾಲಪ್ರಮಾದವೆಂದು, ಆ ಕಾಲದ ಚಿತ್ರಕಾರರ ರೂಢಿಯೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದೇ ಚರ್ಚಿನ ಮೊಗಸಾಲೆಯಲ್ಲಿ ಅದೇ ಶತಮಾನದಲ್ಲಿ ಮಾಡಿದ, ಬೈಬಲಿನ ಆದಿಕಾಂಡದ ಚಿತ್ರಗಳಿವೆ; ಅವುಗಳಲ್ಲಿನ ಮನೆ, ಕೋಟೆಗಳು ಯಾವ ಊರಿನವಾದರೂ ಆಗಬಹುದು. ಹಾಗೆ ಚಿತ್ರಿಸಲು ಬಲ್ಲವರು ಇಲ್ಲಿ ಮಾತ್ರ ಕುದುರೆಗಳನ್ನೂ ಬಿಡದೆ ಈ ಕಟ್ಟಡವನ್ನೇ ಗುರುತಿಸಿ ಚಿತ್ರಿಸಿದರೆ ಅದು ರೂಢಿಯಲ್ಲ, ಆಯ್ಕೆ. ಮುಂದೆ ನಿಂತವನು ಚಿತ್ರವನ್ನೂ ಕಟ್ಟಡವನ್ನೂ ಒಟ್ಟಿಗೆ ನೋಡಿ, ಹೌದು, ಇದೇ ಜಾಗ ಎನ್ನಬೇಕು. ಅವನೂ ಒಬ್ಬ ಸಾಕ್ಷಿಯಾಗಬೇಕು.

ಆ ಕಾಲದವರೇ ಇದನ್ನು ಹೀಗೆ ತಿಳಿದಿದ್ದರು ಎಂಬುದಕ್ಕೆ ಆಧಾರವಿದೆ. 1267 ಮತ್ತು 1275ರ ನಡುವೆ ವೆನಿಸ್‌ನ ಚರಿತ್ರೆ ಬರೆದ ಮಾರ್ತಿನೊ ದ ಕನಾಲ್, ತಾನು ಹೇಳಿದ್ದು ನಿಜವೇ ಎಂದು ತಿಳಿಯಬೇಕಾದವರು ಬಂದು ಚರ್ಚಿನ ಮುಂಭಾಗವನ್ನು ನೋಡಲಿ ಎನ್ನುತ್ತಾನೆ. ಅವನು ಬರೆದದ್ದು ಫ್ರೆಂಚಿನಲ್ಲಿ, ಎಂದರೆ ಹೊರಗಿನವರಿಗಾಗಿ. ಇದು ಘೋಷಣೆಯ ವಾದಕ್ಕೇ ಬಲ ಕೊಡುವುದಿಲ್ಲವೇ? ಸ್ವಲ್ಪಮಟ್ಟಿಗೆ ಕೊಡುತ್ತದೆ. ಆದರೆ ಅವನು ಕೇಳುವುದು ಬರೀ ನಂಬಿಕೆಯನ್ನಲ್ಲ. ಸ್ಥಳಕ್ಕೆ ಬಂದು ನೋಡಿ ಎನ್ನುತ್ತಾನೆ.

ಹೊರಗೋಡೆಯ ಆ ಕಾಲದ ಚಿತ್ರಗಳಲ್ಲಿ ಉಳಿದಿರುವುದು ಅಲಿಪಿಯೊ ಬಾಗಿಲಿನದೊಂದೇ. ಉಳಿದವುಗಳ ಜಾಗದಲ್ಲಿ ನಂತರದ ಶತಮಾನಗಳ ಮೊಸಾಯಿಕ್‌ಗಳಿವೆ; ಹಳೆಯವು ಹೇಗಿದ್ದವೆಂದು ತಿಳಿಯಲು 1496ರಲ್ಲಿ ಜೆಂಟೀಲೆ ಬೆಲ್ಲಿನಿ ಬರೆದ ಮೆರವಣಿಗೆಯ ಚಿತ್ರವೇ ನಮಗೆ ದೊಡ್ಡ ಆಸರೆ. ಕಲಾ ಇತಿಹಾಸದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ: ಪುಸ್ತಕಗಳಲ್ಲಿ ಈ ಚಿತ್ರಗಳನ್ನು ಅಂಚು ಕತ್ತರಿಸಿ ಅಚ್ಚುಮಾಡಿರುತ್ತಾರೆ. ಅವುಗಳನ್ನು ನೋಡುವಾಗ ಪಕ್ಕದಲ್ಲಿ ಚರ್ಚಿನ ನೆಲನಕ್ಷೆಯನ್ನೂ ಇಟ್ಟುಕೊಳ್ಳಿ.