ರೂಪಾಯಿ ಸಣ್ಣದಾದ್ರ ಕ್ರಿಪ್ಟೋ ನಮ್ಮನ್ನ ಕಾಯ್ತದೇನು?

(ಅಕ್ಕಲಕೋಟದಾಗ ಗಡಿಭಾಗದ ಯುವಕರ ಮುಂದ ಆಡಿದ ಮಾತಿನ ಬರಹರೂಪ)



 ನಾ ಬಿ.ಕಾಂ. ಓದಿದಾವ, ಬ್ಯಾಂಕಿನಾಗ ಗುಮಾಸ್ತ. ದೊಡ್ಡ ಪಂಡಿತ ಏನಲ್ಲ. ಆದ್ರ ಕೌಂಟರ್‌ಗೆ ಬರೋ ಹುಡುಗರು ಮ್ಯಾಲಿಂದ ಮ್ಯಾಲ ಒಂದ ಪ್ರಶ್ನೆ ಕೇಳ್ತಾರ: “ಅಣ್ಣಾ, ರೂಪಾಯಿ ಬೀಳಾಕತ್ತದ. ಬ್ಯಾಂಕಿನಾಗ ರೊಕ್ಕ ಇಟ್ಟು ಏನ್ ಉಪಯೋಗ? ಬಿಟ್‌ಕಾಯಿನ್‌ಗೆ ಹಾಕಲೇನು?” ಇದು ದಡ್ಡ ಪ್ರಶ್ನೆ ಅಲ್ಲ. ಇವತ್ತು ಲೆಕ್ಕ ಹಾಕಿ ಉತ್ತರ ಹುಡುಕೋಣ.

ಮೊದಲು ರೂಪಾಯಿ ಮಾತು. 1966ರ ಜೂನ್‌ನಾಗ ಸರ್ಕಾರ ಡಾಲರ್ ಬೆಲೆಯನ್ನ 4.76 ರೂಪಾಯಿಯಿಂದ 7.50ಕ್ಕ ಏರಿಸ್ತು. 1991ರ ಜುಲೈದಾಗ ಎರಡು ಕಂತಿನಾಗ ಮತ್ತ ರೂಪಾಯಿ ಇಳಿಸಿದ್ರು. ಇದಕ್ಕ ಅಪಮೌಲ್ಯ ಅಂತಾರ. ಈಗ ಹಂಗಿಲ್ಲ, ಪೇಟೆಯೊಳಗ ತಾನ ಇಳೀತದ. 2014ರಾಗ ಡಾಲರ್ 60ರ ಆಸುಪಾಸು ಇತ್ತು. 2022ರ ಜುಲೈದಾಗ 80 ಮುಟ್ಟಿತು, 2025ರ ಡಿಸೆಂಬರ್‌ನಾಗ 90 ದಾಟಿತು. ಲೆಕ್ಕ ಹಾಕಿದ್ರ ಡಾಲರ್ ವರ್ಷಕ್ಕ ಸರಾಸರಿ ಮೂರು-ಮೂರೂವರೆ ಶೇಕಡಾ ತುಟ್ಟಿ ಆಗ್ಯದ.

ಅಕ್ಕಲಕೋಟದ ರೈತಗ ಡಾಲರ್‌ದು ಏನ್ ಸಂಬಂಧ? ಅದ. ಡೀಸೆಲ್ ಆಗೋ ಕಚ್ಚಾ ತೈಲ, ಅಡಿಗಿ ಮನಿಯ ಪಾಮ್ ಮತ್ತ ಸೂರ್ಯಕಾಂತಿ ಎಣ್ಣಿ, ಹೊಲಕ್ಕ ಹಾಕೋ ಡಿಎಪಿ ಗೊಬ್ಬರ, ಇವೆಲ್ಲಾ ಬಹುಪಾಲು ಹೊರದೇಶದಿಂದ ಬರ್ತಾವ. ಡಾಲರ್ ಏರಿದ್ರ ಇವು ಏರ್ತಾವ. ಅದ ಹೊತ್ತಿಗೆ ಸೊಲ್ಲಾಪುರದ ಟರ್ಕಿ ಟಾವೆಲ್ ಹೊರದೇಶಕ್ಕ ಕಳಿಸೋ ಕಾರಖಾನೆದಾರಗ ಅದ ಡಾಲರ್‌ಗೆ ಹೆಚ್ಚು ರೂಪಾಯಿ ಸಿಗ್ತದ. ಅಂದ್ರ ರೂಪಾಯಿ ಬಿದ್ರ ಎಲ್ಲರಿಗೂ ಒಂದ ಥರ ಪೆಟ್ಟು ಬೀಳೋದಿಲ್ಲ. ಆದ್ರ ಕೂಲಿ, ಪಗಾರ, ಬೀಡಿ ಕಟ್ಟಿದ ಮಜೂರಿ ಮ್ಯಾಲ ಬದುಕೋ ಮನಿಗೆ ಪೆಟ್ಟು ಖರೇನ ಬೀಳ್ತದ.

ಈಗ ಕ್ರಿಪ್ಟೋ. “ಅರ್ಜೆಂಟೀನಾದಾಗ ಮಂದಿ ಕ್ರಿಪ್ಟೋದಿಂದ ಉಳಕೊಂಡ್ರು” ಅಂತ ವಿಡಿಯೋ ನೋಡಿರ್ತೀರಿ. ಅದರೊಳಗ ಸತ್ಯ ಅದ. 2023ರಾಗ ಅಲ್ಲಿ ಬೆಲೆಗಳು ಒಂದ ವರ್ಷದಾಗ 200 ಶೇಕಡಾಕ್ಕೂ ಮ್ಯಾಲ ಏರಿದ್ವು. ಆ ಡಿಸೆಂಬರ್‌ನಾಗ ಸರ್ಕಾರ ಒಂದ ಏಟಿಗೆ ಡಾಲರ್ ಬೆಲೆ ಸುಮಾರು 366 ಪೆಸೊದಿಂದ 800ಕ್ಕ ಏರಿಸ್ತು. ಬ್ಯಾಂಕಿಗೆ ಹೋಗಿ ಡಾಲರ್ ಕೊಳ್ತೀನಿ ಅಂದ್ರ ವರ್ಷಗಟ್ಟಲೆ ತಿಂಗಳಿಗೆ 200 ಡಾಲರ್ ಮಿತಿ ಇತ್ತು. ಅದಕ್ಕ ಮಂದಿ ಯುಎಸ್‌ಡಿಟಿ ಅನ್ನೋ, ಒಂದು ಡಾಲರ್‌ಗೆ ಕಟ್ಟಿದ ನಾಣ್ಯ ಕೊಂಡ್ರು. ಲಾಭದ ಆಸೆಗೆ ಅಲ್ಲ, ಸಂಜಿತನಕ ಪಗಾರ ಕರಗಬಾರದು ಅಂತ.

ಟರ್ಕಿಯೊಳಗೂ ಲಿರಾ ಬಿದ್ದಾಗ ಮಂದಿ ಕ್ರಿಪ್ಟೋ ಕಡೆ ಓಡಿದ್ರು. 2021ರ ಏಪ್ರಿಲ್‌ದಾಗ ಅಲ್ಲಿನ ಥೋಡೆಕ್ಸ್ ಅನ್ನೋ ಎಕ್ಸ್‌ಚೇಂಜ್ ಬಾಗಿಲು ಹಾಕ್ತು, ಮಾಲೀಕ ಅಲ್ಬೇನಿಯಾಕ್ಕ ಓಡಿಹೋದ. 2023ರಾಗ ಕೋರ್ಟು ಅವನಿಗೆ 11,196 ವರ್ಷದ ಶಿಕ್ಷೆ ಕೊಟ್ತು. ಶಿಕ್ಷೆ ಎಷ್ಟರ ಆಗಲಿ, ರೊಕ್ಕ ಹೋದವರು ಹೋದ್ರು.

ನಮ್ಮ ರೋಗ ಅವರ ರೋಗ ಅಲ್ಲ. ವರ್ಷಕ್ಕ ಮೂರು ಶೇಕಡಾ ಬೀಳೋ ರೂಪಾಯಿಗೆ, 200 ಶೇಕಡಾ ತುಟ್ಟಿ ಆಗೋ ದೇಶದ ಔಷಧ ಯಾಕ? ಬಿಟ್‌ಕಾಯಿನ್ 2021ರ ನವೆಂಬರ್‌ನಾಗ ಸುಮಾರು 69,000 ಡಾಲರ್ ಇತ್ತು. ಒಂದ ವರ್ಷಕ್ಕ 16,000ದ ಹತ್ತಿರ ಬಂತು. ಅದ ವರ್ಷ ರೂಪಾಯಿ ಡಾಲರ್‌ಗೆ 74ರಿಂದ 81-82ಕ್ಕ ಇಳೀತು. ರೂಪಾಯಿಗೆ ಹೆದರಿ ಒಂದು ಲಕ್ಷ ಹಾಕಿದವನ ಕೈಯಾಗ ಉಳಿದದ್ದು ಸುಮಾರು 25,000. ಮುಂದ 2024ರ ಡಿಸೆಂಬರ್‌ನಾಗ ಅದು ಒಂದು ಲಕ್ಷ ಡಾಲರ್ ದಾಟಿತು, ಅದೂ ಖರೆ. ಆದ್ರ ಅವ್ವನ ದವಾಖಾನಿ ಬಿಲ್ಲು, ತಂಗಿಯ ಮದುವಿ, ಬಿತ್ತನಿ ಹಂಗಾಮು ಎರಡು ವರ್ಷ ಕಾಯೋದಿಲ್ಲ. ಇನ್ನ “ಡಾಲರ್‌ಗೆ ಕಟ್ಟೇದ, ಬೀಳೋದಿಲ್ಲ” ಅಂತ ಹೇಳಿದ ಟೆರಾ ಯುಎಸ್‌ಟಿ ನಾಣ್ಯ 2022ರ ಮೇದಾಗ ಕೆಲವ ದಿನದಾಗ ನೆಲಕಚ್ಚಿತು.

ತೆರಿಗಿ ಲೆಕ್ಕ ಕೇಳ್ರಿ. 2022ರ ಏಪ್ರಿಲ್‌ದಿಂದ ಕ್ರಿಪ್ಟೋ ಲಾಭಕ್ಕ 30 ಶೇಕಡಾ ತೆರಿಗಿ, ಮ್ಯಾಲ ಸೆಸ್. ಒಂದರೊಳಗ ಆದ ಲುಕ್ಸಾನು ಇನ್ನೊಂದರ ಲಾಭದಾಗ ಕಳೆಯಂಗಿಲ್ಲ. ಒಂದು ನಾಣ್ಯದಾಗ 10,000 ಲಾಭ, ಇನ್ನೊಂದರಾಗ 10,000 ಲುಕ್ಸಾನು ಆದ್ರ ನಿಮ್ಮ ಗಳಿಕಿ ಸೊನ್ನೆ, ಆದ್ರ ತೆರಿಗಿ 3,120 ರೂಪಾಯಿ. ಆ ವರ್ಷದ ಜುಲೈದಿಂದ ಮಾರಾಟದ ಮ್ಯಾಲ ಒಂದು ಶೇಕಡಾ ಟಿಡಿಎಸ್ ಬ್ಯಾರೆ. ತೆರಿಗಿ ಕಟ್ಟಿಸ್ಕೋತಾರ ಅಂದಮ್ಯಾಲ ಸರ್ಕಾರ ಜಾಮೀನು ಅದ ಅಂತ ತಿಳೀಬ್ಯಾಡ್ರಿ. ಜಾಮೀನು ಇಲ್ಲ.

ಜಾಮೀನು ಅಂದ್ರ ಏನು? ನಮ್ಮ ಊರಿನ ಉದಾಹರಣೆನ ಅದ. ಸೊಲ್ಲಾಪುರದ ಲಕ್ಷ್ಮೀ ಸಹಕಾರಿ ಬ್ಯಾಂಕಿನ ಲೈಸೆನ್ಸನ್ನ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಾಗ ರದ್ದು ಮಾಡ್ತು. ಆದ್ರ ಠೇವಣಿದಾರಗ 5 ಲಕ್ಷದತನಕ ವಿಮಾ ಹಕ್ಕು ಇತ್ತು. 2020ರ ಫೆಬ್ರವರಿಯಿಂದ ಈ ಮಿತಿ ಒಂದು ಲಕ್ಷದಿಂದ ಐದಕ್ಕ ಏರೇದ. ಈಗ ಇನ್ನೊಂದು ಕಡೆ ನೋಡ್ರಿ. 2024ರ ಜುಲೈ 18ಕ್ಕ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 2,000 ಕೋಟಿ ರೂಪಾಯಿ ಕ್ರಿಪ್ಟೋ ಕಳುವಾತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮಂದಿಯ ಕ್ರಿಪ್ಟೋ ಅಲ್ಲೇ ಸಿಕ್ಕಿಬಿತ್ತು, ಪಂಚಾಯ್ತಿ ನಡೆದದ್ದು ಸಿಂಗಾಪುರದ ಹೈಕೋರ್ಟಿನಾಗ. ಮುಳುಗಿದ ಬ್ಯಾಂಕಿಗೂ ವಿಮಾ ಇತ್ತು. ಇಲ್ಲಿ ವಿಮಾ ಇಲ್ಲ.

ಈಗ ನಮ್ಮ ಹುಡುಗರಿಗೆ ಮುಟ್ಟೋ ಮಾತು. ಗೇನ್‌ಬಿಟ್‌ಕಾಯಿನ್ ಅನ್ನೋ ಯೋಜನಾ ತಿಂಗಳಿಗೆ 10 ಶೇಕಡಾ, 18 ತಿಂಗಳತನಕ ಕೊಡ್ತೀವಿ ಅಂತ ಹೇಳಿ ಮಂದಿ ಸೇರಿಸ್ತು. ನಮ್ಮ ಮಹಾರಾಷ್ಟ್ರದಾಗ ಭಾಳ ಮಂದಿ ಸಿಕ್ಕಿಬಿದ್ರು. 2018ರಾಗ ಪುಣೆ ಪೊಲೀಸರು ಅದರ ಮುಖ್ಯಸ್ಥನ್ನ ಹಿಡಿದ್ರು. ಇಂಥಾವು ಹಳ್ಳಿಗೆ ಟಿವಿ ಜಾಹೀರಾತಿನಿಂದ ಬರೋದಿಲ್ಲ. ಬೀಗರಿಂದ, ಗೆಳೆಯನಿಂದ, ನಮ್ಮ ಭಾಷೆಯ ವಾಟ್ಸಾಪ್ ಗುಂಪಿನಿಂದ ಬರ್ತಾವ. ದಿನವಿಡೀ ಮರಾಠಿ, ಹಿಂದಿ, ಇಂಗ್ಲಿಷ್ ಅರ್ಜಿ ತುಂಬಿ ಸಾಕಾದ ನಮಗ, ಯಾರರ ಕನ್ನಡದಾಗ ಪ್ರೀತಿಯಿಂದ ಮಾತಾಡಿದ್ರ “ಇವ ನಮ್ಮವ” ಅಂತ ನಂಬಿಕಿ ಬರ್ತದ. ಮೋಸಗಾರಗ ಬೇಕಾದದ್ದು ಅದ ನಂಬಿಕಿ. ಭಾಷೆ ನಮ್ಮದು ಅಂದ ಮಾತ್ರಕ್ಕ ಲೆಕ್ಕ ನಮ್ಮದಾಗೋದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಖಾತೆ ಬಾಡಿಗಿಗೆ ಕೊಡೋದು. “ನಿನ್ನ ಖಾತೆಗೆ ರೊಕ್ಕ ಬರ್ತದ, ನೀ ಯುಎಸ್‌ಡಿಟಿ ಕೊಂಡು ಕಳಿಸು, ಕಮಿಷನ್ ತಗೋ” ಅಂತಾರ. ಆ ರೊಕ್ಕ ಯಾವದೋ ರಾಜ್ಯದ ಮುದುಕಿಯಿಂದ ದೋಚಿದ್ದು ಆಗಿರಬಹುದು. ಅಲ್ಲಿ ದೂರು ಕೊಟ್ರ ಇಲ್ಲಿ ನಿನ್ನ ಖಾತೆ ತಡೀತಾರ. ಅಪ್ಪನ ಕಬ್ಬಿನ ಬಿಲ್ಲು, ತಂಗಿಯ ಸ್ಕಾಲರ್‌ಶಿಪ್ ಅದ ಖಾತೆಗೆ ಬರ್ತಿದ್ರ ಅವೂ ನಿಂತ್ವು. ಪೊಲೀಸರ ಮುಂದ ಉತ್ತರ ಕೊಡೋವ ನೀನು, ಕಮಿಷನ್ ಕೊಟ್ಟವ ಅಲ್ಲ.

ಹಂಗಾದ್ರ ಏನ್ ಮಾಡೋದು? ಮೊದಲು ಖಾಸಗಿ ಬಡ್ಡಿ ಸಾಲ ತೀರಿಸ್ರಿ. ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದ್ರ ವರ್ಷಕ್ಕ 36 ಶೇಕಡಾ. ರೂಪಾಯಿ ಹತ್ತು ವರ್ಷದಾಗ ಕಳೆಯೋದನ್ನ ಅದು ಒಂದ ವರ್ಷದಾಗ ತಿಂತದ. ಮೂರು-ನಾಲ್ಕು ತಿಂಗಳ ಖರ್ಚಿನಷ್ಟು ರೊಕ್ಕ ಬ್ಯಾಂಕ್ ಅಥವಾ ಅಂಚೆ ಕಚೇರಿಯೊಳಗ ಇಡ್ರಿ. ಒಂದ ಬ್ಯಾಂಕಿನಾಗ 5 ಲಕ್ಷ ದಾಟಿಸಬ್ಯಾಡ್ರಿ. ರೂಪಾಯಿ ಬಿದ್ದಾಗ ಬಂಗಾರ ಸಾಮಾನ್ಯವಾಗಿ ಏರ್ತದ, ನಮ್ಮ ಅವ್ವಂದಿರಿಗೆ ಇದು ಗೊತ್ತಿತ್ತು. ಹಾಲ್‌ಮಾರ್ಕ್ ನೋಡಿ ಸ್ವಲ್ಪ ಕೊಳ್ರಿ.

ಇಷ್ಟಾದ ಮ್ಯಾಲೂ ಕ್ರಿಪ್ಟೋ ಬೇಕ ಅಂದ್ರ, ಪೂರಾ ಹೋದ್ರೂ ಮನಿ ನಡುಗದಷ್ಟು ಮಾತ್ರ ಹಾಕ್ರಿ, ಸಾಲ ಮಾಡಿ ಹಾಕಬ್ಯಾಡ್ರಿ. ಹಾಕೋ ಮುಂಚೆ ಮೂರು ಪ್ರಶ್ನೆ ಕೇಳ್ರಿ: ಈ ಎಕ್ಸ್‌ಚೇಂಜ್ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಾಗ ನೋಂದಣಿ ಆಗ್ಯದೇನು? ನನ್ನ ರೊಕ್ಕ ಇವತ್ತ ವಾಪಸ್ ಬೇಕಂದ್ರ ಎಷ್ಟು ದಿನಕ್ಕ ಸಿಗ್ತದ? ಲಾಭ ಎಲ್ಲಿಂದ ಬರ್ತದ, ಕನ್ನಡದಾಗ ಬಿಡಿಸಿ ಹೇಳ್ತೀರೇನು? ಮೂರನೇದಕ್ಕ “ಇನ್ನ ಇಬ್ಬರನ್ನ ಸೇರಿಸು” ಅನ್ನೋ ಉತ್ತರ ಬಂದ್ರ ಎದ್ದು ಬರ್ರಿ.

ಮೋಸ ಆಗ್ಯದ ಅಂತ ಗೊತ್ತಾದ ಕೂಡಲೇ 1930ಕ್ಕ ಫೋನ್ ಮಾಡ್ರಿ. ನಾಚಿಕಿಯಿಂದ ಮನಿಯೊಳಗ ಮುಚ್ಚಿಡಬ್ಯಾಡ್ರಿ, ತಡ ಆದಷ್ಟು ರೊಕ್ಕ ದೂರ ಹೋಗ್ತದ. ಇನ್ನ ಯಾವ ಯೋಜನಾದ ಕಾಗದ ತಿಳೀಲಿಲ್ಲ ಅಂದ್ರ ಸಹಿ ಹಾಕೋ ಮೊದಲು ತಗೊಂಡು ಬರ್ರಿ, ಕೂಡಿ ಓದೋಣ.