ಹಿಂಡಿಗೆ ಹೊಸ ಹೇಂಟೆ

ಕೋಳಿಗಳಲ್ಲಿಯೂ ಅಂತಸ್ತುಂಟು. ಯಾವುದು ಯಾವುದನ್ನು ಕುಕ್ಕಬಹುದೆಂಬ ಕ್ರಮವನ್ನು ನಾರ್ವೆಯ ವಿದ್ವಾಂಸ ಷೆಲ್ಡರಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಿರೂಪಿಸಿದರು. ಇದನ್ನು ಗಣಿಸದೆ ನಾವೊಮ್ಮೆ ಎಳೆಯ ಹಿಂಡಿನೊಳಕ್ಕೆ ಒಂಟಿ ಹೇಂಟೆಯೊಂದನ್ನು ನೇರವಾಗಿ ಬಿಟ್ಟೆವು. ಸಂಜೆಗೆ ಅದು ನೆತ್ತಿ ಒಡೆದು ಮೂಲೆಯಲ್ಲಿ ಸತ್ತು ಬಿದ್ದಿತ್ತು. ತಪ್ಪು ಕೋಳಿಗಳದಲ್ಲ, ನಮ್ಮದು.

ಹೊಸ ಹೇಂಟೆಯನ್ನು ಮೊದಲು ಒಂದು ತಿಂಗಳು ದೂರವಿರಿಸಬೇಕು. ರಾಣಿಖೇತ್ ಮುಂತಾದ ಅಂಟುಜಾಡ್ಯಗಳು ಹಿಂಡನ್ನೇ ನಾಶಮಾಡಬಲ್ಲವು. ಬಳಿಕ ಒಂದು ವಾರ ತಂತಿಬಲೆಯ ಆಚೆಬದಿಯಲ್ಲಿಟ್ಟರೆ ಪರಸ್ಪರ ನೋಡಬಹುದು, ಕುಕ್ಕಲಾಗದು. ಕೂಡಿಸಿದಾಗ ಕಾಳನ್ನೂ ನೀರನ್ನೂ ಎರಡೆಡೆ ಇಡಬೇಕು. ಅಡಗಲು ಮರೆಯೂ ಬೇಕು. ಸಣ್ಣಪುಟ್ಟ ಕುಕ್ಕಾಟ ಸಹಜವೇ. ಆದರೆ ರಕ್ತ ಕಂಡೊಡನೆ ಗಾಯಗೊಂಡುದನ್ನು ಬೇರ್ಪಡಿಸಬೇಕು, ಏಕೆಂದರೆ ಕೆಂಪು ಉಳಿದವನ್ನೂ ಕೆರಳಿಸುತ್ತದೆ. ನಾವು ಅಂದು ಉಳಿಸಿದ್ದು ಕೆಲವು ದಿನಗಳನ್ನು, ಕಳೆದುಕೊಂಡದ್ದು ಒಂದು ಜೀವವನ್ನು.